ಇಬ್ಬರು ಬೀಗರು, ಒಂದು ಮೈನಸ್ ಸೊನ್ನೆ

ಡಬ್ಬಿಯಣ್ಣನ ನಿಜವಾದ ಹೆಸರು ಬ್ಯಾಂಕಿನವರಿಗೆ ಗೊತ್ತು, ಹೆಂಡತಿಗೆ ಗೊತ್ತು. ಮಿಕ್ಕವರಿಗೆ ಆ ಹೆಸರು ಕಟ್ಟಿಕೊಂಡು ಆಗಬೇಕಾದದ್ದೇನೂ ಇಲ್ಲ. ಹೊಲಿಗೆ ಅಂಗಡಿಗೂ ಸೈಕಲ್ ಅಂಗಡಿಗೂ ನಡುವಿನ ಒಂಟಿ ಕೋಣೆಯಲ್ಲಿ ಕೂತು ಅವನು ಡಬ್ಬಿ ಮಾಡುತ್ತಾನೆ, ಆದ್ದರಿಂದ ಡಬ್ಬಿಯಣ್ಣ. ಊಟದ ಡಬ್ಬಿ ಅಂದುಕೊಂಡೀರಿ ಮತ್ತೆ! ಇದು ಶಾಖ ಕಾಯುವ ಡಬ್ಬಿ. ಅಂಗೈಯಗಲ, ಬೂದು ಬಣ್ಣ, ಮುಖದ ಮೇಲೆ ಕೆಂಪು ಅಂಕಿಗಳು. ಒಳಗೆ ಉಗುರಿನಷ್ಟು ಒಂದು ಚಿಪ್ ಇರುತ್ತದೆ, ಮೈಕ್ರೋಕಂಟ್ರೋಲರ್ ಎನ್ನುತ್ತಾರೆ. ಗಾತ್ರ ನೋಡಿ ಮೂಗು ಮುರಿಯಬೇಡಿ, ಅದೂ ಒಂದು ಕಂಪ್ಯೂಟರೇ. ಸೆನ್ಸರ್ ಹೇಳಿದ ಶಾಖವನ್ನು ಓದುತ್ತದೆ, ಕಡಿಮೆಯಾದರೆ ಹೀಟರ್ ಹಾಕುತ್ತದೆ, ಹೆಚ್ಚಾದರೆ ಆರಿಸುತ್ತದೆ. ಹಗಲು ರಾತ್ರಿ ಅದೇ ಕೆಲಸ, ಬೇಸರವಿಲ್ಲ, ರಜೆಯಿಲ್ಲ. ಡಬ್ಬಿಯಣ್ಣನೂ ಹೆಚ್ಚುಕಡಿಮೆ ಹಾಗೆಯೇ.

ಹಾಗೆಂದು ಅವನೇನೂ ಹುಟ್ಟುವಾಗಲೇ ಡಬ್ಬಿ ಹಿಡಿದುಕೊಂಡು ಬಂದವನಲ್ಲ. ಮೊದಲು ರೇಡಿಯೊ ರಿಪೇರಿ ಮಾಡುತ್ತಿದ್ದ. ಜನ ರೇಡಿಯೊ ಕೇಳುವುದು ಬಿಟ್ಟರು, ಟಿವಿಗೆ ಕೈ ಹಾಕಿದ. ಟಿವಿ ಕೆಟ್ಟರೆ ಜನ ಹೊಸದನ್ನೇ ತರತೊಡಗಿದರು, ಆಮೇಲೆ ಕೋಣೆಯಲ್ಲಿ ಕೂತು ನೊಣ ಹೊಡೆದ. ಅಂಥ ಒಂದು ಮಧ್ಯಾಹ್ನ ಹ್ಯಾಚರಿಯ ಯಜಮಾನಮ್ಮ ಕೆಟ್ಟುಹೋದ ಥರ್ಮೋಸ್ಟಾಟ್ ಹಿಡಿದುಕೊಂಡು ಬಂದರು. ಹ್ಯಾಚರಿ ಎಂದರೆ ಮೊಟ್ಟೆಗೆ ಮೆಷಿನ್ನಿನಲ್ಲಿ ಕಾವು ಕೊಟ್ಟು ಕೋಳಿಮರಿ ಮಾಡಿ ಮಾರುವ ಜಾಗ. ಬೀರುವಿನಂಥ ಇನ್‌ಕ್ಯುಬೇಟರುಗಳು ಸಾಲಾಗಿ ನಿಂತಿರುತ್ತವೆ, ಒಳಗೆ ತಟ್ಟೆ ತಟ್ಟೆ ಮೊಟ್ಟೆ.

“ಅಣ್ಣಾ, ಇದರಲ್ಲಿ ಮೂವತ್ತೇಳು ಅಂದ್ರೆ ಮೂವತ್ತೇಳು, ಮೂವತ್ತೆಂಟು ಅಂದ್ರೆ ಮೂವತ್ತೆಂಟು. ನನ್ನ ಮೊಟ್ಟೆಗೆ ನಡುವಿಂದು ಬೇಕು. ಮೂವತ್ತೇಳೂವರೆ ಡಿಗ್ರಿ. ಆಗುತ್ತಾ?”

“ಆಗದೆ ಏನಮ್ಮಾ?” ಅಂದುಬಿಟ್ಟ ಡಬ್ಬಿಯಣ್ಣ. ಹೇಗೆ ಆಗುತ್ತದೆ ಎಂಬುದು ಅವನಿಗೆ ಸುತರಾಂ ಗೊತ್ತಿರಲಿಲ್ಲ.

ಚಿಪ್ ಮಾರುವವನ ಹತ್ತಿರ ಹೋದ. ಆತ ಚಿಪ್ಪಿನ ಜೊತೆಗೆ ಒಂದು ಸೀಡಿ ಕೊಟ್ಟ. ಅದರಲ್ಲಿ ಕಂಪೈಲರ್ ಇತ್ತು, ಅಂದರೆ ನಾವು ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತಿಳಿಯುವ ಹಾಗೆ ಮಾಡಿಕೊಡುವ ಸಾಧನ. ಡಬ್ಬಿಯಣ್ಣ ತಿಂಗಳುಗಟ್ಟಲೆ ಅದರ ಜೊತೆ ಗುದ್ದಾಡಿದ. ಒಂದು ದಿನ ಅವನಿಗೆ ಫ್ಲೋಟ್ ಸಿಕ್ಕಿತು. ಪೂರ್ಣ ಸಂಖ್ಯೆಗೆ ಬೇರೆ ಗೂಡು, ಬಿಂದು ಇರುವ ಸಂಖ್ಯೆಗೆ ಬೇರೆ ಗೂಡು; ಆ ಎರಡನೆಯದರ ಹೆಸರು ಫ್ಲೋಟ್. ಬಿಂದು ಒಂದೇ ಕಡೆ ಬೇರು ಬಿಟ್ಟು ಕೂರದೆ, ಬೇಕಾದ ಕಡೆಗೆ ತೇಲಿಕೊಂಡು ಹೋಗಿ ನಿಲ್ಲುವ ಸಂಖ್ಯೆ. ಡಬ್ಬಿಯ ಮುಖದ ಮೇಲೆ 37.5 ಎಂದು ಮೂಡಿದಾಗ ಅವನು ಕೋಣೆಯಿಂದ ಓಡಿ ಮನೆಗೆ ಬಂದು ಹೆಂಡತಿಯನ್ನು ಎಳೆದುಕೊಂಡು ಹೋಗಿ ತೋರಿಸಿದ.

“ನಮ್ಮ ಮದುವೆ ದಿನಾನೂ ನಿಮ್ಮ ಮುಖ ಇಷ್ಟಗಲ ಆಗಿರ್ಲಿಲ್ಲ ಕಣ್ರೀ” ಅಂದಳು ಆಕೆ.

ಆ ಸಲದ ಮೊಟ್ಟೆಗಳು ಚೆನ್ನಾಗಿ ಒಡೆದವು. ಯಜಮಾನಮ್ಮ ಒಂದೊಂದೇ ಹಳೆಯ ಥರ್ಮೋಸ್ಟಾಟ್ ಕಿತ್ತು ಹಾಕಿ ಪ್ರತಿ ಇನ್‌ಕ್ಯುಬೇಟರಿಗೂ ಡಬ್ಬಿಯಣ್ಣನ ಡಬ್ಬಿ ಹಾಕಿಸಿದರು. ಅಲ್ಲಿನ ಗಾಳಿಯಲ್ಲಿ ಯಾವಾಗಲೂ ತೇವ. ಆದ್ದರಿಂದ ಅವನು ಡಬ್ಬಿಯೊಳಗೆ ರೆಸಿನ್ ಎಂಬ, ಒಣಗಿದರೆ ಕಲ್ಲಾಗುವ ಅಂಟು ಸುರಿದು ಗಟ್ಟಿ ಮಾಡಿಬಿಟ್ಟ. ಇನ್ನು ನೀರು ಒಳಗೆ ಹೋಗುವಂತಿಲ್ಲ. ಅವನ ಕೈಯೂ ಹೋಗುವಂತಿಲ್ಲ, ಅದು ಬೇರೆ ಮಾತು. ಹೊಸ ಡಬ್ಬಿಯನ್ನು ಕೊಡುವ ಮೊದಲು ಅವನದೊಂದು ಕ್ರಮವಿತ್ತು. ಲೋಟದಲ್ಲಿ ಐಸ್ ಕುಟ್ಟಿ ಹಾಕಿ ಸೆನ್ಸರ್ ಅದ್ದುವುದು: ಡಬ್ಬಿ ಸೊನ್ನೆ ಎನ್ನಬೇಕು. ಕೂದಲೆಳೆಯಷ್ಟು ಆಚೀಚೆ ಇದ್ದರೂ ಸೊನ್ನೆ ಎಂದೇ ಹೇಳು ಎಂದು ಪ್ರೋಗ್ರಾಮಿನಲ್ಲೇ ಬರೆದಿದ್ದ, ಕುಣಿಯುವ ಅಂಕಿ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಆಮೇಲೆ ಸೆನ್ಸರಿನ ತಂತಿಯನ್ನು ಹಿಡಿದು ಫಟ್ಟನೆ ಕೀಳುವುದು: ಡಬ್ಬಿ ಮೈನಸ್ ಒಂದು ಎಂದು ತೋರಿಸಿ ಬೊಬ್ಬೆ ಹಾಕಬೇಕು. ಸೆನ್ಸರ್ ಸತ್ತಿದೆ, ಯಾರಾದರೂ ಬನ್ನಿ ಎಂದು ಅದರ ಅರ್ಥ. ಇವೆರಡೂ ಆದರೆ ಡಬ್ಬಿ ಪಾಸು.

ಹೀಗೆ ವರ್ಷಗಳು ಹೋದವು. ಡಬ್ಬಿಯಣ್ಣನ ತಲೆ ನೆರೆಯಿತು, ಮಗಳ ಮದುವೆಯಾಯಿತು, ಪ್ರೋಗ್ರಾಮ್ ಬರೆದಿದ್ದ ಹಳೆಯ ಕಂಪ್ಯೂಟರ್ ಸೀಡಿಯನ್ನೂ ನುಂಗಿಕೊಂಡು ಕಣ್ಣು ಮುಚ್ಚಿತು. ಡಬ್ಬಿಗಳು ಮಾತ್ರ ಹ್ಯಾಚರಿಯ ಗೋಡೆಯ ಮೇಲೆ ಕೆಂಪು ಕಣ್ಣು ಬಿಟ್ಟುಕೊಂಡು ಕೂತೇ ಇದ್ದವು. ಆ ಕಡೆ ಹೋದಾಗಲೆಲ್ಲ ಅವನು ಸುಮ್ಮನೆ ಒಳಗೆ ಹೊಕ್ಕು ಎಲ್ಲವನ್ನೂ ಒಮ್ಮೆ ನೋಡಿ ಬರುತ್ತಿದ್ದ. ಕೆಲಸವೇನೂ ಇರುತ್ತಿರಲಿಲ್ಲ. ಅವನ ಬದುಕಿನಲ್ಲಿ ಅವನು ಮಾಡಿ ನಿಲ್ಲಿಸಿದ್ದು ಎಂದರೆ ಅದೇ ಗೋಡೆ, ಅದನ್ನು ನೋಡಿದರೆ ಅವನಿಗೆ ಹಿತ.

ಆ ಗೋಡೆಗೇ ಸಂಚಕಾರ ಬಂತು ನೋಡಿ.

ಯಜಮಾನಮ್ಮನಿಂದ ಮರಿ ಕೊಳ್ಳುವ ಕಂಪನಿಯವರು ಹೊಸದೊಂದು ಷರತ್ತು ತೆಗೆದರು. ಪ್ರತಿ ಮೊಟ್ಟೆಗೂ ಎಷ್ಟು ಶಾಖ ಕೊಟ್ಟಿರಿ ಎಂಬುದು ಕಂಪ್ಯೂಟರಿನಲ್ಲಿ ದಾಖಲಾಗಬೇಕು, ಬಾಯಿಮಾತು ನಡೆಯುವುದಿಲ್ಲ. ಯಜಮಾನಮ್ಮ ಡಬ್ಬಿಯಣ್ಣನ ಮನೆಗೇ ಬಂದು ಕೇಳಿದರು.

“ಅಣ್ಣಾ, ನಿಮ್ಮ ಡಬ್ಬಿ ಕಂಪ್ಯೂಟರ್ ಜೊತೆ ಮಾತಾಡುತ್ತಾ?”

“ಮಾತಾಡುತ್ತಮ್ಮಾ. ಹಿಂದುಗಡೆ ಒಂದು ತೂತು ಬಿಟ್ಟಿದ್ದೀನಲ್ಲ, ಅದಕ್ಕೆ ತಂತಿ ಹಾಕಿದ್ರೆ ಶಾಖ ಎಷ್ಟು ಅಂತ ಹೇಳ್ತಾನೇ ಇರುತ್ತೆ. ಈ ಕಡೆ ಕೇಳಿಸ್ಕೊಳ್ಳೋ ಪ್ರೋಗ್ರಾಮ್ ಬೇಕು ಅಷ್ಟೇ.”

ಒಳಗಿನಿಂದ ಹೆಂಡತಿಯ ದನಿ ಬಂತು. “ನಮ್ಮ ಬೀಗರು ಮಾಡೋದು ಅದೇ ತಾನೇ!”

ಬೀಗರು ಎಂದರೆ ಮಗಳ ಮಾವ. ಬಸ್ಸಿನಲ್ಲಿ ಎರಡು ಗಂಟೆ ದೂರದ ಊರು. ಹೆಂಡತಿ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆಗಿದ್ದರು. ಮೆಷಿನ್ನುಗಳು ಕಳಿಸುವ ಶಾಖ, ಒತ್ತಡ, ತೂಕ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಹಿಡಿದಿಟ್ಟು ಗೆರೆ ಎಳೆದು ತೋರಿಸುವ ಪ್ರೋಗ್ರಾಮ್ ಮಾಡಿ ಮಾರುವುದು ಅವರ ಉದ್ಯೋಗ. ಒಳ್ಳೆಯ ಮನುಷ್ಯ, ಇಸ್ತ್ರಿ ಮುರಿಯದ ಅಂಗಿ. ಆದರೆ ಅವರಿಗೂ ಡಬ್ಬಿಯಣ್ಣನಿಗೂ ನಡುವೆ ಮಾತೆಂಬುದು ಹುಟ್ಟಿರಲೇ ಇಲ್ಲ. “ಆರೋಗ್ಯನಾ ಬೀಗರೇ?” “ಆರೋಗ್ಯ. ನಿಮ್ದು?” “ನಮ್ದೂ ಆರೋಗ್ಯ.” “ಮತ್ತೆ?” “ಮತ್ತೇನಿಲ್ಲ.” ಇಷ್ಟಾದ ಮೇಲೆ ಫೋನು ಮಗಳ ಕೈಗೆ ಹೋಗುತ್ತಿತ್ತು, ಇಬ್ಬರೂ ಉಸಿರು ಬಿಡುತ್ತಿದ್ದರು. ಬೀಗತನವೆಂದರೆ ಹಾಗೇ ಅಲ್ಲವೇ, ಎಲ್ಲಿ ಒಂದು ಮಾತು ಹೆಚ್ಚಾಗಿ ಮಕ್ಕಳ ಸಂಸಾರಕ್ಕೆ ತಗಲುತ್ತದೋ ಎಂದು ಇಬ್ಬರಿಗೂ ಅಂಜಿಕೆ.

ಈ ಸಲ ಫೋನಿನಲ್ಲಿ ಒಂದು ಪ್ರಶ್ನೆ ಹೆಚ್ಚಾಯಿತು.

“ನಿಮ್ಮ ಡಬ್ಬಿ ಶಾಖಾನ ಹೇಗೆ ಕಳಿಸುತ್ತೆ ಬೀಗರೇ?”

“ಫ್ಲೋಟ್ ಬೀಗರೇ. ನಾಲ್ಕು ಬೈಟು.”

“ಹಾಂ, ಸಾಕು ಸಾಕು. ನಮ್ದೂ ಫ್ಲೋಟೇ.”

ಎಂಥ ಫ್ಲೋಟು ಎಂದು ಅವರು ಕೇಳಲಿಲ್ಲ. ಬೇರೆ ಗಿರಾಕಿಯಾಗಿದ್ದರೆ ಖಂಡಿತ ಕೇಳುತ್ತಿದ್ದರು. ಬೀಗರನ್ನು ಅಷ್ಟು ಕೆದಕಿ ಕೇಳಿದರೆ ಅನುಮಾನಪಟ್ಟ ಹಾಗಲ್ಲವೇ? ಡಬ್ಬಿಯಣ್ಣನೂ ಅದೇ ಜಾತಿ. ನಿಮ್ಮದು ಎಂಥದು ಎಂದು ಅವನೂ ಕೇಳಲಿಲ್ಲ.

ಹೊಸ ಮೊಟ್ಟೆಗಳನ್ನು ಇಟ್ಟ ದಿನ ಬೀಗರು ಹ್ಯಾಚರಿಗೆ ತಾವೇ ಬಂದರು. ಯಜಮಾನಮ್ಮನ ಮೇಜಿನ ಮೇಲಿನ ಕಂಪ್ಯೂಟರಿಗೆ ಪ್ರೋಗ್ರಾಮ್ ಹಾಕಿದರು. ಡಬ್ಬಿಯಣ್ಣ ಒಂದು ಬಿಡಿ ಡಬ್ಬಿ ತಂದಿದ್ದ, ಫ್ಲಾಸ್ಕಿನಲ್ಲಿ ಐಸು ತಂದಿದ್ದ. ಸೆನ್ಸರ್ ಐಸಿಗೆ ಇಳಿಯಿತು. ಡಬ್ಬಿ 0.0 ಎಂದಿತು. ಪರದೆ 0.00 ಎಂದಿತು.

“ಬಂತು!” ಅಂದರು ಬೀಗರು.

“ಬಂತು!” ಅಂದ ಡಬ್ಬಿಯಣ್ಣ.

ಇಬ್ಬರೂ ಕೈ ಕುಲುಕಿದರು. ಇನ್ನು ತಂತಿ ಕೀಳುವುದು ಬಾಕಿ ಇತ್ತು. ಡಬ್ಬಿಯಣ್ಣನ ಕೈ ತಂತಿಯ ತನಕ ಹೋಯಿತು, ಅಲ್ಲೇ ನಿಂತಿತು. ಬೀಗರ ಕೆಲಸವನ್ನು ಬೀಗರ ಎದುರಿಗೇ ಪರೀಕ್ಷೆ ಮಾಡುವುದೇ? ಛೇ, ಚೆನ್ನಾಗಿರುವುದಿಲ್ಲ. ಬೀಗರಿಗೂ ಒಂದು ಕ್ರಮವಿತ್ತು, ಸಣ್ಣ ಸಂಖ್ಯೆ, ದೊಡ್ಡ ಸಂಖ್ಯೆ, ಮೈನಸ್ ಸಂಖ್ಯೆ ಎಲ್ಲ ಕಳಿಸಿ ನೋಡುವುದು. ಅವರೂ ಬೀಗರ ಡಬ್ಬಿಯನ್ನು ತನಿಖೆ ಮಾಡಿದ ಹಾಗಾದೀತು ಎಂದು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದರು.

ಅವರ ಬಸ್ಸು ಹೊರಟ ಮೇಲೆ ಯಜಮಾನಮ್ಮ ಗೋಡೆಯ ಡಬ್ಬಿಗಳ ತಂತಿಗಳನ್ನೆಲ್ಲ ಕಂಪ್ಯೂಟರಿಗೆ ಜೋಡಿಸಿದರು. ಡಬ್ಬಿಗಳ ಮುಖದ ಮೇಲೆ 37.5 ಎಂದಿತ್ತು. ಪರದೆಯ ಮೇಲೆ ಸಾಲಾಗಿ −0.00, −0.00, −0.00.

“ಅಣ್ಣಾ, ಇದೇನಿದು? ಸೊನ್ನೆಗೂ ಮೈನಸ್ ಇರುತ್ತಾ?”

ಡಬ್ಬಿಯಣ್ಣ ಕಣ್ಣು ಕಣ್ಣು ಬಿಟ್ಟ. ಏನು ಮಾಡುವುದೆಂದು ತೋಚದೆ ಬಿಡಿ ಡಬ್ಬಿಯ ಸೆನ್ಸರಿನ ತಂತಿಯನ್ನು ಫಟ್ಟನೆ ಕಿತ್ತ. ಡಬ್ಬಿ ಮೈನಸ್ ಒಂದು ತೋರಿಸಿ ಬೊಬ್ಬೆ ಹಾಕಿತು. ಪರದೆ ಮಾತ್ರ ಇನ್ಫಿನಿಟಿ ಎಂದು ಬರೆದು ಸುಮ್ಮನೆ ಕೂತಿತು.

“ಅಂದ್ರೆ ಅನಂತ ಡಿಗ್ರಿನಾ?” ಯಜಮಾನಮ್ಮ ಎದೆ ಮೇಲೆ ಕೈ ಇಟ್ಟುಕೊಂಡರು. “ಅಷ್ಟು ಕಾವು ಇದ್ದಿದ್ರೆ ಮೊಟ್ಟೆ ಬಿಡಿ, ನಾವೂ ಬೂದಿಯಾಗ್ಬೇಕಿತ್ತು!”

ನಕ್ಕರು. ನಕ್ಕು ಮುಗಿದ ಮೇಲೆ ಕುರ್ಚಿ ಎಳೆದುಕೊಂಡು ಕೂತು ಮೆಲ್ಲಗೆ ಹೇಳಿದರು. “ಅಣ್ಣಾ, ಈ ಮೊಟ್ಟೆ ಒಡೆಯೋ ದಿನ ಕಂಪನಿಯವ್ರು ನೋಡೋಕೆ ಬರ್ತಾರೆ. ಆ ಹೊತ್ತಿಗೆ ಇದು ಸರಿಯಾಗ್ದಿದ್ರೆ ಅವ್ರು ಹೇಳಿದ ಹೊಸ ಸೆಟ್ ಹಾಕಿಸ್ಲೇಬೇಕು, ನಿಮ್ಮ ಡಬ್ಬಿ ಎಲ್ಲ ಕೆಳಗಿಳಿಸ್ಬೇಕು. ನಂಗೂ ಮನಸ್ಸಿಲ್ಲ. ಆದ್ರೆ ಮರಿ ತಗೊಳ್ಳೋರೇ ಇಲ್ಲ ಅಂದ್ರೆ ನಾನೇನ್ ಮಾಡ್ಲಿ?”

ಡಬ್ಬಿಯಣ್ಣ ತಲೆಯಾಡಿಸಿದ. ಅವರದ್ದೇನೂ ತಪ್ಪಿರಲಿಲ್ಲ. ದಾರಿಯುದ್ದಕ್ಕೂ ಅವನ ಕಣ್ಣ ಮುಂದೆ ಬರಿಯ ಗೋಡೆ, ಡಬ್ಬಿ ಇದ್ದಲ್ಲೆಲ್ಲ ಮೊಳೆಯ ತೂತು. ಅವನಿಗೆ ಅಳುವಷ್ಟು ಬೇಜಾರಾಯಿತು, ಅಳಲಿಲ್ಲ ಅಷ್ಟೇ.

ಇನ್ನು ಶುರುವಾಯಿತು ಫೋನು.

“ತಪ್ಪು ನಮ್ಮ ಪ್ರೋಗ್ರಾಮಿಂದೇ ಇರ್ಬೇಕು ಬೀಗರೇ.”

“ಛೇ ಛೇ, ನಿಮ್ದೆಲ್ಲಿ ಬಂತು, ನನ್ನ ಡಬ್ಬಿದೇ ಏನೋ ಎಡವಟ್ಟು.”

“ಹಾಗನ್ಬೇಡಿ, ಡಬ್ಬಿ ಚೆನ್ನಾಗಿದೆ. ನಮ್ದೇ.”

“ಇಲ್ಲ ಇಲ್ಲ, ನಮ್ದೇ.”

ನೋಡಿ, ಇಬ್ಬರೂ ಬೈದಾಡಿದ್ದರೆ ಒಂದೇ ದಿನದಲ್ಲಿ ಬಗೆಹರಿಯುತ್ತಿತ್ತು. ತಪ್ಪನ್ನು ಎದುರಿನವನ ತಲೆಗೆ ಕಟ್ಟಲು ಹೊರಟವನು ಕನಿಷ್ಠ ಪಕ್ಷ ಎದುರಿನವನ ಕೆಲಸವನ್ನು ಕಣ್ಣಿಟ್ಟು ನೋಡುತ್ತಾನೆ. ಇವರು ತಂತಮ್ಮ ಕೆಲಸವನ್ನೇ ಮೂಸಿ ನೋಡುತ್ತಾ ಕೂತರು. ಬೀಗರು ತಮ್ಮ ಕಡೆ ಬೈಟುಗಳು ಹಿಂದುಮುಂದಾಗಿರಬೇಕು ಎಂದು ಊಹಿಸಿ, ಕೊನೆಯದನ್ನು ಮೊದಲು ಓದುವ ಹಾಗೆ ತಿದ್ದಿ ಕಳಿಸಿದರು. ಈಗ ಡಬ್ಬಿ 37.5 ಎಂದರೂ ಪರದೆಯ ಮೇಲೆ 0.00, ತಂತಿ ಕಿತ್ತರೂ 0.00.

“ಮೈನಸ್ ಹೋಯ್ತಲ್ಲ ಬೀಗರೇ!” ಎಂದರು ಬೀಗರು ಫೋನಿನಲ್ಲಿ, ದನಿಯಲ್ಲಿ ಸ್ವಲ್ಪ ಗೆಲುವು.

“ಹೋಯ್ತು ಬೀಗರೇ. ಸೊನ್ನೆ ಮಾತ್ರ ಉಳ್ಕೊಂಡಿದೆ.”

ಪಕ್ಕದಲ್ಲೇ ಕೂತು ಕೇಳುತ್ತಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. “ಏನ್ರೀ ಇದು, ನಮ್ದೇ ನಮ್ದೇ ಅಂತ ಆಸ್ತಿ ಹಂಚ್ಕೊಳ್ಳೋರ ಹಾಗೆ! ಭಾನುವಾರ ಬಸ್ ಹತ್ತಿ. ಎದುರುಬದುರು ಕೂತ್ಕೊಳ್ಳಿ. ಮಗಳನ್ನೂ ನೋಡಿದ ಹಾಗಾಯ್ತು.”

ಭಾನುವಾರ ಬೆಳಿಗ್ಗೆ ಡಬ್ಬಿಯಣ್ಣ ಬಿಡಿ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟ. ಬೀಗರ ಮನೆ ಮೂರನೆಯ ಮಹಡಿ. ಮಗಳು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಅಳಿಯ ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದ. ಬೀಗರು ಬಾಲ್ಕನಿಯಲ್ಲೇ ಮೇಜು ಹಾಕಿಸಿ ಲ್ಯಾಪ್‌ಟಾಪ್ ಇಟ್ಟಿದ್ದರು. ಆರೋಗ್ಯನಾ ಎಂಬುದು ಮುಗಿಯಿತು. ಮತ್ತೆ ಎಂಬುದೂ ಮುಗಿಯಿತು. ಇಬ್ಬರೂ ಡಬ್ಬಿಯನ್ನೇ ನೋಡುತ್ತಾ ಕೂತರು.

“ತಪ್ಪು ನಮ್ಮ ಕಡೆನೇ ಬೀಗರೇ...” ಎಂದು ಬೀಗರು ಶುರು ಮಾಡಿದರು.

“ಅಯ್ಯೋ, ಮತ್ತೆ ಶುರುವಾಯ್ತಾ!” ಒದ್ದೆ ದಿಂಬಿನ ಚೀಲ ಹಿಡಿದುಕೊಂಡೇ ಮಗಳು ತಿರುಗಿದಳು. “ಅಪ್ಪಾ, ನೀನು ಸಂಖ್ಯೆನ ಹೇಗೆ ಬರೀತೀಯ ಅಂತ ಮಾವಂಗೆ ಹೇಳಿದ್ದೀಯಾ? ಮಾವ, ನೀವು ಹೇಗೆ ಓದ್ತೀರ ಅಂತ ಅಪ್ಪಂಗೆ ಹೇಳಿದ್ದೀರಾ? ಇಷ್ಟು ದಿನದಲ್ಲಿ ಒಬ್ರಿಗೊಬ್ರು ಇದೊಂದು ಕೇಳಿದ್ದೀರಾ?”

ಇಬ್ಬರೂ ಮುಖ ಮುಖ ನೋಡಿಕೊಂಡರು. ಕೇಳಿರಲಿಲ್ಲ.

“ಫ್ಲೋಟ್ ಅಂದ್ರೆ ಫ್ಲೋಟೇ ಅಲ್ವೇನಮ್ಮಾ...” ಅಂದ ಡಬ್ಬಿಯಣ್ಣ, ದನಿ ಅರ್ಧಕ್ಕೇ ಇಳಿಯಿತು.

ಬೀಗರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ನಾಲ್ಕು ಬೈಟು ಎಂದರೆ ಮೂವತ್ತೆರಡು ಬಿಟ್ಟು. ಒಂದೊಂದು ಬಿಟ್ಟಿನಲ್ಲೂ ಒಂದು ಇಲ್ಲವೇ ಸೊನ್ನೆ. “ನಾನು ಓದೋದು ಹೀಗೆ ಬೀಗರೇ. ಮೊದಲನೇ ಬಿಟ್ಟು, ಸಂಖ್ಯೆ ಪ್ಲಸ್ಸಾ ಮೈನಸ್ಸಾ ಅಂತ ಹೇಳುತ್ತೆ. ಆಮೇಲಿನ ಎಂಟು, ಬಿಂದು ಎಲ್ಲಿ ನಿಲ್ಬೇಕು ಅಂತ. ಉಳಿದಿದ್ದೆಲ್ಲ ಅಂಕಿಗಳು. ನಿಮ್ದು?”

“ನಂದು... ನಾನು ನೋಡೇ ಇಲ್ಲ ಬೀಗರೇ. ಕಂಪೈಲರ್ ಹೇಗೆ ಬರೆದುಕೊಡ್ತೋ ಹಾಗೆ ಕಳಿಸಿದ್ದೀನಿ. ಎಲ್ಲರದ್ದೂ ಹಾಗೇ ಇರುತ್ತೆ ಅಂದ್ಕೊಂಡೆ.”

“ನಾನೂ ಹಾಗೇ ಅಂದ್ಕೊಂಡೆ” ಅಂದರು ಬೀಗರು.

ಡಬ್ಬಿಯಲ್ಲಿ ಒಂದು ಟೆಸ್ಟ್ ಗುಂಡಿ ಇತ್ತು, ಒತ್ತಿದರೆ ನಿಖರವಾಗಿ 37.5 ಕಳಿಸುತ್ತದೆ. ಒತ್ತಿದರು. ಬಂದ ಬಿಟ್ಟುಗಳನ್ನು ಬೀಗರು ಕಾಗದದ ಮೇಲೆ ಬರೆದುಕೊಂಡರು. ಕೆಳಗೆ ತಮ್ಮ ಲೆಕ್ಕದ 37.5 ಹೇಗಿರಬೇಕು ಎಂದು ಬರೆದರು. ಎರಡು ಸಾಲಿನ ತುಂಬ ಬರೀ ಒಂದುಗಳು, ಸೊನ್ನೆಗಳು; ಇಬ್ಬರಿಗೂ ಕನ್ನಡಕ. ಮೂರು ಸಲ ಎಣಿಸಿದರು, ಮೂರು ಸಲವೂ ಬೇರೆ ಬೇರೆ ಬಂತು. ಕಣ್ಣು ನೀರಾಡತೊಡಗಿತು.

ಆಗ ಡಬ್ಬಿಯಣ್ಣ ಎದ್ದ. ಮಗಳ ಬುಟ್ಟಿಯಲ್ಲಿ ಬಟ್ಟೆ ಸಿಕ್ಕಿಸುವ ಕ್ಲಿಪ್ಪುಗಳಿದ್ದವು, ಕೆಂಪು ಅರ್ಧ, ಬಿಳಿ ಅರ್ಧ. ಬುಟ್ಟಿಯನ್ನೇ ಎತ್ತಿಕೊಂಡ. “ಒಂದಕ್ಕೆ ಕೆಂಪು, ಸೊನ್ನೆಗೆ ಬಿಳಿ. ನೀವು ಹೇಳ್ತಾ ಹೋಗಿ ಬೀಗರೇ.”

ಒಣಹಾಕುವ ತಂತಿಗಳು ಎರಡಿದ್ದವು, ಮೇಲೊಂದು ಕೆಳಗೊಂದು. ಮೇಲಿನ ತಂತಿಯಲ್ಲಿ ಬೀಗರ 37.5, ಕೆಳಗಿನದರಲ್ಲಿ ಡಬ್ಬಿಯ 37.5. ಕೊನೆಯ ಹದಿನಾರು ಎರಡರಲ್ಲೂ ಬರೀ ಬಿಳಿ, ಅವುಗಳ ಗೊಡವೆ ಬೇಡವೆಂದು ಮೊದಲ ಹದಿನಾರನ್ನು ಮಾತ್ರ ಸಿಕ್ಕಿಸಿದರು. ಕ್ಲಿಪ್ ಸಾಲದೆ ಬಂದಾಗ ಬೀಗರು ಒಣಹಾಕಿದ್ದ ಬಟ್ಟೆಯಿಂದಲೇ ಕಿತ್ತುಕೊಟ್ಟರು. ಮಗಳ ಒದ್ದೆ ಬಟ್ಟೆ ಒಂದೊಂದಾಗಿ ನೆಲಕ್ಕೆ ಬಿತ್ತು.

“ಮಾವಾ! ಅದು ಈಗಷ್ಟೇ ಒಗೆದಿದ್ದು!”

“ತಡಿಯಮ್ಮಾ, ನಿನ್ನ ಅಪ್ಪನ ಡಬ್ಬಿ ಬಾಯಿ ಬಿಡ್ತಾ ಇದೆ.”

ಇಬ್ಬರೂ ಹಿಂದೆ ಸರಿದು ಗೋಡೆಗೆ ಆತು ನಿಂತು ನೋಡಿದರು. ಮೇಲಿನ ತಂತಿಯಲ್ಲಿ ಮೊದಲು ಒಂದು ಬಿಳಿ, ಆಮೇಲೆ ಕೆಂಪು. ಕೆಳಗಿನದರಲ್ಲಿ ಕೆಂಪೇ ಮೊದಲು. ಮೊದಲ ಒಂಬತ್ತರಲ್ಲಿ ಎಲ್ಲವೂ ಒಂದು ಸ್ಥಾನ ಜರುಗಿ ಕೂತಿದ್ದವು. ಆಮೇಲಿನವೆಲ್ಲ ಒಂದರ ಕೆಳಗೊಂದು ಸರಿಯಾಗಿ ಹೊಂದಿಕೊಂಡಿದ್ದವು.

“ಸಿಕ್ತು!” ಬೀಗರು ತೊಡೆ ತಟ್ಟಿದರು. “ಮುಂದೆ ಒಂದು ಬಿಳಿ ಸೇರಿಸಿ ಎಂಟನ್ನ ತಳ್ಳಿ, ಒಂಬತ್ತನೇದನ್ನ ಬಿಟ್ರೆ ಆಯ್ತು. ಈಗ್ಲೇ ತಿದ್ದಿಬಿಡ್ತೀನಿ.”

ಡಬ್ಬಿಯಣ್ಣನಿಗೂ ಕುಣಿಯುವಷ್ಟು ಸಂತೋಷ. ಆದರೂ ಅವನ ಕೈ ತಾನಾಗಿಯೇ ಸೆನ್ಸರಿನ ತಂತಿಯ ಕಡೆ ಹೋಯಿತು. ಹ್ಯಾಚರಿಯಲ್ಲಿ ನಿಂತಿದ್ದಂತೆ ಒಂದು ಕ್ಷಣ ನಿಂತಿತು. ಬೀಗರ ಮುಖ ನೋಡಿದ.

“ಒಂದು ನಿಮಿಷ ಬೀಗರೇ. ತಪ್ಪು ತಿಳ್ಕೋಬೇಡಿ. ನಂಗೆ ತಂತಿ ಕಿತ್ತು ನೋಡ್ದೆ ಸಮಾಧಾನ ಇಲ್ಲ.”

“ಕೀಳಿ ಮಾರಾಯ್ರೇ! ನಂಗೂ ಮೈನಸ್ ನೋಡ್ದೆ ನಿದ್ದೆ ಬರಲ್ಲ. ಅವತ್ತು ನಿಮ್ಮೆದುರು ಬಾಯಿ ಮುಚ್ಕೊಂಡು ಕೂತಿದ್ದು ಇವತ್ತಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ!”

ಫಟ್ಟನೆ ಕಿತ್ತ. ಡಬ್ಬಿ ಬೊಬ್ಬೆ ಹಾಕಿತು. ಕ್ಲಿಪ್ಪುಗಳನ್ನೆಲ್ಲ ತೆಗೆದು ಮೈನಸ್ ಒಂದನ್ನು ಹೊಸದಾಗಿ ಸಿಕ್ಕಿಸಿದರು. ಬೀಗರ ತಂತಿಯಲ್ಲಿ ಮೊದಲ ಕ್ಲಿಪ್ಪೇ ಕೆಂಪು, ಮೈನಸ್ ಎಂಬ ಗುರುತು. ಡಬ್ಬಿಯ ತಂತಿಯಲ್ಲಿ ಮೊದಲನೆಯದು ಬಿಳಿ, ಆಮೇಲೆ ಸಾಲಾಗಿ ಎಂಟು ಕೆಂಪು. ಸುಮ್ಮನೆ ಮುಂದೆ ಒಂದು ಬಿಳಿ ಸೇರಿಸಿ ತಳ್ಳಿದರೆ ಏನಾಗುತ್ತದೆ ಎಂದು ಬೀಗರು ಲೆಕ್ಕ ಹಾಕಿದರು: ಪ್ಲಸ್ ಒಂದು. ಸೆನ್ಸರ್ ಸತ್ತರೆ ಕಂಪ್ಯೂಟರು ಒಂದು ಡಿಗ್ರಿ ಎಂದು ನಂಬಿಕೊಂಡು ಕೂರುತ್ತಿತ್ತು, ಯಾರನ್ನೂ ಕರೆಯುತ್ತಿರಲಿಲ್ಲ.

ಬೀಗರು ಕೆಳಗಿನ ತಂತಿಯನ್ನು ಬೆರಳಲ್ಲಿ ಎಣಿಸುತ್ತಾ ಹೋಗಿ ಒಂಬತ್ತನೆಯ ಕ್ಲಿಪ್ಪಿಗೆ ನಿಂತರು. ಅದನ್ನು ಕಿತ್ತರು. ಅದಕ್ಕೆ ಮೊದಲಿನ ಎಂಟನ್ನೂ ಒಂದೊಂದು ಸ್ಥಾನ ಜರುಗಿಸಿದರು. ಕೈಯಲ್ಲಿದ್ದ ಕೆಂಪು ಕ್ಲಿಪ್ಪನ್ನು ತಂತಿಯ ತಲೆಗೆ ಸಿಕ್ಕಿಸಿದರು. ಮೇಲಿನ ತಂತಿ, ಕೆಳಗಿನ ತಂತಿ ಈಗ ಒಂದೇ.

“ಒಂದು ಕ್ಲಿಪ್ಪು” ಅಂದ ಡಬ್ಬಿಯಣ್ಣ.

“ಒಂದೇ ಒಂದು ಕ್ಲಿಪ್ಪು” ಅಂದರು ಬೀಗರು. “ಮೈನಸ್ಸಿನ ಗುರುತನ್ನ ನಾನು ಎಲ್ಲಕ್ಕಿಂತ ಮುಂದೆ ಹುಡುಕ್ತಿದ್ದೆ, ನಿಮ್ಮ ಕಂಪೈಲರ್ ಅದನ್ನ ಎಂಟರ ಹಿಂದೆ ಇಟ್ಟಿತ್ತು. ಅದಕ್ಕೂ ಕಾರಣ ಇದೆ ನೋಡಿ. ಆ ಪುಟ್ಟ ಚಿಪ್ ಒಂದು ಸಲಕ್ಕೆ ಒಂದು ಬೈಟು ಮಾತ್ರ ಎತ್ತಬಲ್ಲದು. ಬಿಂದುವಿನ ಎಂಟೂ ಬಿಟ್ಟು ಒಂದೇ ಬೈಟಲ್ಲಿ ಇದ್ರೆ ಅದಕ್ಕೆ ಹಗುರ.”

“ಹಾಗಾದ್ರೆ ತಪ್ಪು ಯಾರದ್ದು?”

“ಯಾರದ್ದೂ ಅಲ್ಲ.”

ಇಷ್ಟು ದಿನ ತಪ್ಪು ನಂದು ನಂದು ಎಂದು ಹೊಡೆದಾಡಿದ ಇಬ್ಬರಿಗೂ ಸ್ವಲ್ಪ ನಿರಾಸೆಯೇ ಆಯಿತು. ಸೊನ್ನೆಯೊಂದು ಮಾತ್ರ ಇಬ್ಬರಲ್ಲೂ ಒಂದೇ ಥರ, ಅದರಲ್ಲಿ ಎಲ್ಲ ಕ್ಲಿಪ್ಪೂ ಬಿಳಿ, ಯಾವುದನ್ನು ಎಲ್ಲಿಗೆ ಜರುಗಿಸಿದರೂ ಅದೇ. ಅದನ್ನೇ ಹಿಡಿದು ಐಸಿನ ಲೋಟದೆದುರು ಕೈ ಕುಲುಕಿದ್ದರಲ್ಲ ಎಂದು ನೆನೆದು ಬೀಗರಿಗೆ ನಗು ಉಕ್ಕಿ ಬಂತು. ಡಬ್ಬಿಯಣ್ಣನೂ ನಕ್ಕ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮದುವೆಯಾದಂದಿನಿಂದ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ನಗು ಇಳಿದ ಮೇಲೆ ಡಬ್ಬಿಯಣ್ಣನಿಗೆ ಮತ್ತೆ ಸಂಕೋಚ ಹತ್ತಿತು. “ಬೀಗರೇ, ನನ್ನ ಡಬ್ಬಿ ಬಿಚ್ಚೋಕಾಗಲ್ಲ. ರೆಸಿನ್ ಸುರಿದಿದ್ದೀನಿ. ಒಳಗೆ ಮೊಟ್ಟೆ ಬೇರೆ ಇದೆ, ಆರಿಸೋ ಹಾಗಿಲ್ಲ. ನಿಮ್ಮ ಪ್ರೋಗ್ರಾಮಲ್ಲಿ ಆ ಕ್ಲಿಪ್ಪನ್ನ... ನಿಮಗೆ ತೊಂದ್ರೆ ಆಗ್ದಿದ್ರೆ...”

“ಅಲ್ಲ ಬೀಗರೇ, ಒಂದು ಕ್ಲಿಪ್ಪು ಎತ್ತಿಡೋಕೆ ಇಷ್ಟು ಪೀಠಿಕೆನಾ? ನಿಮ್ಮ ಮಗಳು ಬಂದ ವಾರಕ್ಕೇ ನಮ್ಮ ಅಡುಗೆಮನೆ ಸಾಮಾನೆಲ್ಲ ಎತ್ತಿ ಬೇರೆ ಕಡೆ ಇಟ್ಲು. ನಾವೇನಾದ್ರೂ ಅಂದ್ವಾ?”

“ಮಾವಾ!” ಎಂದಳು ಮಗಳು, ನೆಲದ ಮೇಲಿನ ಬಟ್ಟೆಗಳನ್ನು ಬಕೆಟ್ಟಿಗೆ ತುಂಬುತ್ತಾ. “ಮೊದ್ಲು ಇಬ್ರೂ ಸೇರಿ ಇದನ್ನ ಮತ್ತೆ ಒಗೀರಿ. ಆಮೇಲೆ ಏನ್ ಬೇಕಾದ್ರೂ ಎತ್ತಿಡಿ.”

ಒಗೆದರು. ಬೀಗರು ಹಿಂಡಿದರು, ಡಬ್ಬಿಯಣ್ಣ ಕೊಡವಿ ಹರವಿದ. ಕೆಲಸ ಮಾಡುತ್ತಾ ಹಳೆಯ ರೇಡಿಯೊಗಳ ಮಾತು ಬಂತು, ಮಂಡಿ ನೋವಿನ ಮಾತು ಬಂತು, ತೀರಿಕೊಂಡ ಹೆಂಡತಿಯ ಮಾತನ್ನು ಬೀಗರು ತಾವಾಗಿ ಎತ್ತಿದರು. ಡಬ್ಬಿಯಣ್ಣ ಹೊರಡಬೇಕಿದ್ದ ಬಸ್ಸು ಹೋಯಿತು, ಅದರ ಮುಂದಿನದೂ ಹೋಯಿತು.

ಮೊಟ್ಟೆ ಒಡೆಯುವ ದಿನ ಹ್ಯಾಚರಿಯಲ್ಲಿ ಕಂಪನಿಯವನು ಪರದೆಯ ಮುಂದೆ ಕೈಕಟ್ಟಿ ನಿಂತ. 37.50, 37.44, 37.50, ಗೆರೆಗಳು ನೆಟ್ಟಗೆ ಹರಿಯುತ್ತಿದ್ದವು. ಆತ ಪರದೆ ನೋಡಿದ, ಗೋಡೆಯ ಮೇಲಿನ ಹಳೆಯ ಬೂದು ಡಬ್ಬಿಗಳನ್ನು ನೋಡಿದ, ಅನುಮಾನದಿಂದ ಕೇಳಿದ.

“ಸೆನ್ಸರ್ ಕೆಟ್ಟೋದ್ರೆ ಇದಕ್ಕೆ ಗೊತ್ತಾಗುತ್ತಾ?”

ಡಬ್ಬಿಯಣ್ಣ ಬೀಗರ ಕಡೆ ನೋಡಿದ. ಬೀಗರೂ ಬಂದಿದ್ದರು, ಅಂಗಿಯ ಇಸ್ತ್ರಿ ಬಸ್ಸಿನಲ್ಲಿ ಮುದುಡಿತ್ತು. “ಕೀಳಿ” ಅಂದರು. ಡಬ್ಬಿಯಣ್ಣ ಕಿತ್ತ. ಡಬ್ಬಿ ಬೊಬ್ಬೆ ಹಾಕಿತು, ಅದರ ಬೆನ್ನಿಗೇ ಕಂಪ್ಯೂಟರೂ ಬೊಬ್ಬೆ ಹಾಕಿತು, ಪರದೆಯ ಮೇಲೆ −1.00 ಕೆಂಪಗೆ ಮಿನುಗಿತು. ಕಂಪನಿಯವನು ಕಿವಿ ಮುಚ್ಚಿಕೊಂಡು “ಸಾಕು ಸಾಕು, ಇರ್ಲಿ” ಅಂದ.

ಇರಲಿ ಎಂದರೆ ಡಬ್ಬಿಗಳು ಗೋಡೆಯ ಮೇಲೇ ಇರಲಿ ಎಂದು. ಯಜಮಾನಮ್ಮ ತಟ್ಟೆಯಿಂದ ಒಂದು ಮರಿ ಎತ್ತಿ ಡಬ್ಬಿಯಣ್ಣನ ಅಂಗೈಯಲ್ಲಿ ಇಟ್ಟರು. ಇನ್ನೂ ಮೈ ಆರದ ಮರಿ, ಬೆಚ್ಚಗೆ ಕಿಚಿಕಿಚಿ ಎನ್ನುತ್ತಿತ್ತು. ಡಬ್ಬಿಯಣ್ಣ ಅದನ್ನು ಬೀಗರ ಕೈಗೆ ದಾಟಿಸಿದ.

ಇಷ್ಟಕ್ಕೇ ಕತೆ ಮುಗಿಯಬೇಕಿತ್ತು. ಕೆಲವು ತಿಂಗಳು ಕಳೆದ ಮೇಲೆ ಡಬ್ಬಿಯಣ್ಣನ ಕೋಣೆಗೆ ಒಂದು ಫೋನು ಬಂತು, ಗುರುತಿಲ್ಲದ ದನಿ, ಗುರುತಿಲ್ಲದ ಊರು.

“ಸಾರ್, ನಮ್ದೊಂದು ಬೇಕರಿ. ಹಿಟ್ಟು ಹುದುಗೋ ಕೋಣೆಗೆ ನಮ್ಮಪ್ಪನ ಕಾಲದ್ದು ಒಂದು ಡಬ್ಬಿ ಇದೆ. ಮಾಡ್ಕೊಟ್ಟವರು ಈಗಿಲ್ಲ. ಕಂಪ್ಯೂಟರಿಗೆ ಹಾಕಿದ್ರೆ ಬರೀ ಮೈನಸ್ ಸೊನ್ನೆ. ಎಲ್ರೂ ಅದನ್ನ ಎಸೀರಿ ಅಂದ್ರು. ನಮ್ಮಮ್ಮಂಗೆ ಮನಸ್ಸಿರ್ಲಿಲ್ಲ.”

“ಆಮೇಲೆ?” ಡಬ್ಬಿಯಣ್ಣ ಕುರ್ಚಿಯ ಅಂಚಿಗೆ ಬಂದು ಕೂತ.

“ಈಗ ಹೊಸ ಪ್ರೋಗ್ರಾಮ್ ಹಾಕಿಸಿದ್ವಿ ಸಾರ್. ಅದರಲ್ಲಿ ಸಂಖ್ಯೆ ಯಾವ ಥರ ಓದ್ಬೇಕು ಅಂತ ಕೇಳುತ್ತೆ. ಎರಡು ಇದೆ. ಒಂದು ‘ಸಾಮಾನ್ಯ ಕ್ರಮ’, ಇನ್ನೊಂದು ‘ಬೀಗರ ಕ್ರಮ’. ಸುಮ್ನೆ ಎರಡನೇದು ಒತ್ತಿದ್ವಿ, ಮೂವತ್ತೆರಡೂವರೆ ಡಿಗ್ರಿ ಅಂತ ಬಂದ್ಬಿಡ್ತು! ನಮ್ಮಮ್ಮ ಅಳೋದೊಂದೇ ಬಾಕಿ. ಪ್ರೋಗ್ರಾಮ್ ಮಾಡಿದ ಯಜಮಾನರಿಗೆ ಫೋನ್ ಮಾಡಿ ಥ್ಯಾಂಕ್ಸ್ ಅಂದೆ. ನಂಗೆ ಯಾಕೆ, ಬೀಗರಿಗೇ ಹೇಳಿ ಅಂತ ನಿಮ್ಮ ನಂಬರ್ ಕೊಟ್ರು. ಬೀಗರು ಅಂದ್ರೆ ನೀವೇನಾ ಸಾರ್?”

ಡಬ್ಬಿಯಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ, ಅದೇನೂ ಮಸುಕಾಗಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಓಡುತ್ತಲೇ ಇತ್ತು.

“ಹೌದಪ್ಪಾ” ಅಂದ. “ಬೀಗರು ನಾನೇ.”